ಸಭೆಯ ಲೆಕ್ಕದಲ್ಲಿ ಬಡವರ ಪಾಲು 4,500 ರೂಪಾಯಿ. ಇದು ಸರಿನಾ?

ಖಜಾಂಚಿ ತಮ್ಮ (ಹುಮನಾಬಾದ್ ಕಡೆ)

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮೂರ ಮೆಥೋಡಿಸ್ಟ್ ಸಭೆಯಲ್ಲಿ, ಅಂದ್ರೆ ಚರ್ಚಿನಲ್ಲಿ, ಅರವತ್ತು ಮನೆಗಳಿವೆ. ನಾನು ಬಿ.ಕಾಂ. ಓದಿದ್ದೇನೆ ಅಂತ ಹೋದ ವರ್ಷ ನನ್ನನ್ನು ಖಜಾಂಚಿ ಮಾಡಿದರು. ಮೊನ್ನೆ ವರ್ಷದ ಲೆಕ್ಕ ಮುಗಿಸಿದೆ. ಭಾನುವಾರದ ಕಾಣಿಕೆ, ದಶಮಾಂಶ (ಆದಾಯದಲ್ಲಿ ಹತ್ತರಲ್ಲೊಂದು ಪಾಲು), ಸುಗ್ಗಿ ಹಬ್ಬದ ಹರಾಜು (ಒಂದು ಕುಂಬಳಕಾಯಿ 2,100ಕ್ಕೆ ಹೋಯ್ತು, ಒಂದು ಹುಂಜ ಮೂರು ಸಲ ಹರಾಜಾಯ್ತು) ಎಲ್ಲಾ ಸೇರಿ 3,86,000 ಬಂದಿತ್ತು. ಖರ್ಚು ಏನೇನು ಅಂದ್ರೆ ಪಾಸ್ಟರ್ ಅವರ ಸಂಬಳದ ನಮ್ಮ ಪಾಲು, ಸುಣ್ಣ ಬಣ್ಣ, ಹೊಸ ಸೌಂಡ್ ಬಾಕ್ಸ್, ಕ್ರಿಸ್‌ಮಸ್ ಶಾಮಿಯಾನ ಮತ್ತು ಊಟ, ಕೂಟಕ್ಕೆ ಬಂದ ಪ್ರಸಂಗಿಗಳ (ಬೋಧನೆ ಮಾಡುವವರ) ಕಾರಿನ ಬಾಡಿಗೆ. ಬಡವರಿಗೆ ಸಹಾಯ ಅನ್ನೋ ಸಾಲಿನಲ್ಲಿ 4,500. ಅದರಲ್ಲಿ 3,000 ಒಬ್ಬರ ಶವಪೆಟ್ಟಿಗೆಗೆ. ಉಳಿದಿದ್ದು ಒಬ್ಬ ಅಜ್ಜಿಯ ಕಣ್ಣಿನ ಔಷಧಿಗೆ.

ಅಂದ್ರೆ ಬದುಕಿರುವ ಬಡವರಿಗೆ ನಾವು ವರ್ಷಕ್ಕೆ ಕೊಟ್ಟಿದ್ದು 1,500.

ಇಷ್ಟೇ ಆಗಿದ್ದರೆ ಸುಮ್ನೆ ಇರ್ತಿದ್ದೆ. ಕಮಿಟಿ ಕೂತಿದ್ದ ದಿನ ಒಬ್ಬ ಅಕ್ಕ ಬಂದು ಬಾಗಿಲ ಹತ್ತಿರ ನಿಂತರು. ಅವರ ಗಂಡ ಪುಣೆಗೆ ಗುಳೆ ಹೋಗಿ ಗಾರೆ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಬಂದಿದ್ದಾರೆ, ಮೂರು ತಿಂಗಳಿಂದ ಹಾಸಿಗೆ ಮೇಲಿದ್ದಾರೆ. ಹಿರಿಯರು ಎಲ್ಲಾ ಕೇಳಿಸಿಕೊಂಡು, ಪ್ರಾರ್ಥನೆ ಮಾಡೋಣಮ್ಮ ಅಂದರು. ಪ್ರಾರ್ಥನೆ ಮಾಡಿದರು ಕೂಡ. ಅವರು ಹೋದ ಮೇಲೆ ಮುಂದಿನ ವಿಷಯ ಬಂತು. ಗೇಟಿಗೆ ಕಮಾನು ಕಟ್ಟಲು 90,000 ಪಾಸಾಯ್ತು. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದವನು ನಾನೇ, ನನ್ನ ಕೈಯಿಂದಲೇ.

ನನ್ನ ಪ್ರಶ್ನೆ ಇಷ್ಟೇ. ಸಭೆ ಅಂದ್ರೆ ಮೊದಲು ಏನು? ಬಡವರ ಸಹಾಯ ಎಲ್ಲಾ ಖರ್ಚು ಮುಗಿದ ಮೇಲೆ ಉಳಿದರೆ ಮಾಡೋದಾ?

ಭಾಲ್ಕಿ ಕಾಕಾ

ತಮ್ಮಾ, ನಿನ್ನ ಸಿಟ್ಟು ಅರ್ಥ ಆಗುತ್ತೆ. ಆದರೆ ಸ್ವಲ್ಪ ತಡಿ. ನಮ್ಮಪ್ಪನ ಕಾಲದಲ್ಲಿ ಆರಾಧನೆ ನಡೀತಿದ್ದದ್ದು ಬೇವಿನ ಗಿಡದ ಕೆಳಗೆ. ಮಳೆ ಬಂದ್ರೆ ಪ್ರಸಂಗ ಬಂದ್. ಆಮೇಲೆ ತಗಡಿನ ಶೆಡ್ಡು, ಆಮೇಲೆ ಆರ್‌ಸಿಸಿ. ಒಂದೊಂದು ಇಟ್ಟಿಗೆಗೂ ಕೂಲಿ ಮಾಡಿದವರು ಕೊಟ್ಟಿದ್ದಾರೆ. ಊರಲ್ಲಿ ಎಲ್ಲರ ಗುಡಿಗೂ ಕಮಾನಿದೆ, ನಮಗೂ ಒಂದಿರಲಿ ಅಂತ ಅವರಿಗೆ ಅನ್ನಿಸಿದರೆ ಅದರಲ್ಲಿ ತಪ್ಪೇನು? ಎಷ್ಟೋ ವರ್ಷ ಊರ ಹೊರಗೆ ಇಟ್ಟಿದ್ದ ಜನ ನಾವು. ಕಮಾನು ಅಂದ್ರೆ ನಮಗೆ ಬರೀ ಸಿಮೆಂಟಲ್ಲ.

ಇನ್ನೊಂದು. ಕೊಟ್ಟವರು ಯಾವುದಕ್ಕೆ ಅಂತ ಹೇಳಿ ಕೊಟ್ಟರೋ ಅದಕ್ಕೇ ಖರ್ಚು ಮಾಡಬೇಕು. ಕಟ್ಟಡಕ್ಕೆ ಕೊಟ್ಟ ದುಡ್ಡು ಬೇರೆ ಕಡೆ ಹಾಕಿದರೆ ನಾಳೆ ನಿನ್ನನ್ನೇ ಹಿಡೀತಾರೆ.

ಯಾದಗಿರಿ ಸಿಸ್ಟರ್

ನಾನು ನರ್ಸ್ ಆಗಿದ್ದವಳು, ಈಗ ಮನೆಯಲ್ಲಿದ್ದೇನೆ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಕೇಳಿರ್ತೀರಿ, ಮೆಥೋಡಿಸ್ಟ್ ಮಿಷನ್ನಿನದು. ಅಂಥ ಆಸ್ಪತ್ರೆಗಳನ್ನು ನೋಡಿಕೊಂಡೇ ಬೆಳೆದವಳು ನಾನು. ಕಾಕಾ ಹೇಳಿದ ಕಮಾನಿನ ಮಾತು ನನಗೂ ತಟ್ಟಿತು, ಅದನ್ನು ತಳ್ಳಿ ಹಾಕಲ್ಲ.

ಆದರೆ ತಮ್ಮ ಕೇಳಿದ್ದು ಸಭೆ ಅಂದ್ರೆ ಮೊದಲು ಏನು ಅಂತ. ಅದಕ್ಕೆ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ತೆಗೆದು ನೋಡಿ. ಸಭೆಯಲ್ಲಿ ಆರಿಸಿ ನೇಮಿಸಿದ ಮೊದಲ ಕಮಿಟಿ ಅಂದ್ರೆ ಅದೇ. ಅದು ಯಾಕೆ ಹುಟ್ಟಿತು? ಕಟ್ಟಡಕ್ಕಲ್ಲ, ಹಾಡಿಗಲ್ಲ. ಊಟ ಹಂಚೋದರಲ್ಲಿ ಜಗಳ ಬಂದಿದ್ದಕ್ಕೆ! ಯೆರೂಸಲೇಮಿನಲ್ಲಿ ದಿನಾ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡ್ತಾರೆ, ಊರಿನ ಭಾಷೆಯವರಿಗೆ ಮಾತ್ರ ಸರಿಯಾಗಿ ಸಿಗುತ್ತೆ ಅಂತ ಗೊಣಗಾಟ ಶುರುವಾಯ್ತು. ನಮ್ಮ ಗಡಿ ಕಡೆ ಕನ್ನಡ, ತೆಲುಗು, ಮರಾಠಿ, ಉರ್ದು ಎಲ್ಲಾ ಒಂದೇ ಓಣಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಅಪೊಸ್ತಲರು (ಯೇಸುವಿನ ಮುಖ್ಯ ಶಿಷ್ಯರು) ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ ಮತ್ತೆ ಇನ್ನೈವರು. ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಏನು ಗೊತ್ತಾ? ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದ್ರೆ ನಮಗೆ ಸಿಗ್ತಿಲ್ಲ ಅಂತ ದೂರು ಕೊಟ್ಟ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟಂಗಿದೆ. ನಮ್ಮ ಕಮಿಟಿಗಳಲ್ಲಿ ಕೇಳಲು ಬಂದವರು ಯಾವಾಗಲೂ ಬಾಗಿಲ ಹತ್ತಿರ ನಿಲ್ತಾರೆ. ಒಳಗೆ ಕೂರಿಸಿದ್ದು ನೀವು ಎಲ್ಲಾದರೂ ನೋಡಿದ್ದೀರಾ?

ಸುಮ್ನೆ ಓದುವವ

ಅಂದ್ರೆ ಕಮಿಟಿ ಜಗಳ ಆವತ್ತಿನಿಂದಲೇ ಇದೆ ಅಂತಾಯ್ತು 😀 ನನಗೆ ಸಮಾಧಾನ ಆಯ್ತು.

ಹಳೇ ಸೈಕಲ್ (ನಿವೃತ್ತ ಸಭಾಪಾಲಕ, ಬೀದರ್)

ನಾನು ಬರೀ ಓದಿಕೊಂಡು ಹೋಗೋಣ ಅಂತಿದ್ದೆ. ಸಿಸ್ಟರ್ ಅವರು ಆರನೇ ಅಧ್ಯಾಯ ತೆಗೆದಿದ್ದರಿಂದ ಕೈ ತಡೀಲಿಲ್ಲ. ಮೂವತ್ತು ವರ್ಷ ಪ್ರಸಂಗ ಮಾಡಿದವನು, ಉದ್ದವಾದರೆ ಕ್ಷಮಿಸಿ.

ಬೈಬಲಿನ ಕಾಲದಲ್ಲಿ ಹಾಗಿತ್ತು, ಆಮೇಲೆ ಬದಲಾಯ್ತು ಅಂತ ಕೆಲವರು ಅಂತಾರೆ. ಅಷ್ಟು ಬೇಗ ಬದಲಾಗಲಿಲ್ಲ. ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಅನ್ನುವವರು ರೋಮಿನ ಚಕ್ರವರ್ತಿಗೆ ಒಂದು ಮನವಿ ಬರೆದರು, ನಮ್ಮ ಜನ ಭಾನುವಾರ ಸೇರಿ ಏನು ಮಾಡ್ತಾರೆ ಅಂತ ತಿಳಿಸಲು. ಓದುತ್ತಾರೆ, ಪ್ರಸಂಗ ಕೇಳುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ರೊಟ್ಟಿ ಮುರಿಯುತ್ತಾರೆ. ಆಮೇಲೆ ಇರುವವರು ಮನಸ್ಸಿಗೆ ಬಂದಷ್ಟು ಕೊಡುತ್ತಾರೆ, ಅದು ಸಭೆಯ ಮುಖ್ಯಸ್ಥನ ಹತ್ತಿರ ಇರುತ್ತದೆ. ಅದರಿಂದ ಅನಾಥರು, ವಿಧವೆಯರು, ಕಾಯಿಲೆಯವರು, ಜೈಲಿನಲ್ಲಿರುವವರು, ಊರಿಗೆ ಬಂದ ಪರಸ್ಥಳದವರು, ಇವರನ್ನೆಲ್ಲ ನೋಡಿಕೊಳ್ಳುತ್ತಾರೆ. ಕಾಣಿಕೆ ಏತಕ್ಕೆ ಅಂದ್ರೆ ಇದಕ್ಕೆ. ಆ ಪಟ್ಟಿಯಲ್ಲಿ ಕಟ್ಟಡ ಇಲ್ಲ. ಆಗ ಮನೆಗಳಲ್ಲೇ ಸೇರುತ್ತಿದ್ದರು.

ಸುಮಾರು 197ರಲ್ಲಿ ಕಾರ್ಥೇಜಿನ ತೆರ್ತುಲಿಯನ್ ಕೂಡ ಇದೇ ಬರೆದರು. ತಿಂಗಳಿಗೊಮ್ಮೆ, ಬಲವಂತ ಇಲ್ಲ, ಆ ದುಡ್ಡು ಔತಣಕ್ಕೂ ಕುಡಿತಕ್ಕೂ ಹೋಗಲ್ಲ, ಬಡವರ ಊಟಕ್ಕೆ, ಅವರನ್ನು ಮಣ್ಣು ಮಾಡಲು, ತಂದೆ ತಾಯಿ ಇಲ್ಲದ ಮಕ್ಕಳಿಗೆ, ಮನೆಯಿಂದ ಹೊರಗೆ ಬರಲಾಗದ ಮುದುಕರಿಗೆ, ಹಡಗು ಒಡೆದು ಬೀದಿಗೆ ಬಿದ್ದವರಿಗೆ. ಖಜಾಂಚಿ ತಮ್ಮಾ, ನಿಮ್ಮ ಶವಪೆಟ್ಟಿಗೆಯ 3,000ವನ್ನು ಕಡಿಮೆ ಅಂತ ತಿಳಿಯಬೇಡ, ಅದೂ ಹಳೇ ಬಾಬತ್ತೇ.

251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಒಂದು ಪತ್ರದಲ್ಲಿ ತಮ್ಮ ಸಭೆಯ ಲೆಕ್ಕ ಕೊಡ್ತಾರೆ. 46 ಜನ ಹಿರಿಯರು, 7 ಜನ ಸೇವಕರು ಅಂದ್ರೆ ಡೀಕನ್‌ಗಳು, ಮತ್ತೆ 1,500ಕ್ಕೂ ಹೆಚ್ಚು ವಿಧವೆಯರು ಮತ್ತು ಕಷ್ಟದಲ್ಲಿರುವವರು. ಸಭೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಹೇಳುವಾಗ ಬಡವರ ಸಂಖ್ಯೆಯನ್ನೂ ಅದೇ ಉಸಿರಲ್ಲಿ ಹೇಳ್ತಾರೆ, ನೋಡಿ. ನಮ್ಮ ವಾರ್ಷಿಕ ವರದಿಯಲ್ಲಿ ದೀಕ್ಷಾಸ್ನಾನ ಎಷ್ಟು, ಮದುವೆ ಎಷ್ಟು ಅಂತ ಇರುತ್ತೆ. ಹಸಿದವರು ಎಷ್ಟು ಅಂತ ಕಾಲಂ ಇಲ್ಲ. ನಾನೂ ಮೂವತ್ತು ವರ್ಷ ಆ ಫಾರಂ ತುಂಬಿದ್ದೇನೆ, ಒಂದು ದಿನವೂ ನನಗೆ ಹೊಳೀಲಿಲ್ಲ.

ವಿರೋಧಿಗಳೂ ಇದನ್ನು ಒಪ್ಪಿಕೊಂಡಿದ್ದರು. ಚಕ್ರವರ್ತಿ ಜೂಲಿಯನ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ, ಹಳೇ ದೇವರುಗಳ ಪೂಜೆ ಮತ್ತೆ ತರಬೇಕು ಅಂತಿದ್ದವನು. 362ರ ಸುಮಾರಿಗೆ ತನ್ನ ಪೂಜಾರಿಗೆ ಪತ್ರ ಬರೆದ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಹಾಗೆ ಕರೀತಿದ್ದ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕ್ತಾರೆ, ನಮಗೆ ನಾಚಿಕೆಗೇಡು, ನೀವೂ ಛತ್ರ ಕಟ್ಟಿಸಿ ಅಂತ.

ಈಗ ಕಾಕಾ ಅವರಿಗೆ. ಕಟ್ಟಡದ ಸಾಲದಿಂದಲೂ ಒಳ್ಳೇದು ಹುಟ್ಟಿದ್ದಿದೆ, ಅದೂ ನಮ್ಮ ಮೆಥೋಡಿಸ್ಟರ ಮನೆಯಲ್ಲೇ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರಾಧನೆ ಮನೆ ಕಟ್ಟಿದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಫಾಯ್ ಅನ್ನುವ ಕ್ಯಾಪ್ಟನ್ ಹೇಳಿದ. ಬಹಳ ಜನ ಬಡವರು, ಕೊಡಲು ಆಗಲ್ಲ ಅಂದರು. ಹಂಗಾದ್ರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ, ಅವರ ಕೈಲಾಗದಿದ್ದರೆ ನಾನೇ ಹಾಕ್ತೀನಿ ಅಂದ ಅವನು. ಹಾಗೆ ಮನೆ ಮನೆಗೆ ಪೆನ್ನಿ ಕೇಳಲು ಹೋದವರಿಗೆ ಆ ಮನೆಗಳ ಒಳಗೆ ಏನು ನಡೀತಿದೆ ಅಂತ ಕಣ್ಣಿಗೆ ಬಿತ್ತು. ಮೆಥೋಡಿಸ್ಟ್ ಸಭೆ ಶುರು ಮಾಡಿದ ವೆಸ್ಲಿಯವರ ಕ್ಲಾಸ್ ಮೀಟಿಂಗ್, ಅಂದ್ರೆ ಸಣ್ಣ ಗುಂಪುಗಳ ಕೂಟ, ಹುಟ್ಟಿದ್ದು ಅಲ್ಲಿಂದ. ದುಡ್ಡು ಕೇಳಲು ಹೋದವರು ದುಡ್ಡು ಕೊಟ್ಟು ಬಂದರು ಅನ್ನಬಹುದು.

ಭಾಲ್ಕಿ ಕಾಕಾ

ಅಯ್ಯಗಳೇ, ವಂದನೆಗಳು. ರೋಮು, ಬ್ರಿಸ್ಟಲ್ಲು ದೊಡ್ಡ ಊರುಗಳು. ನಮ್ಮ ಅರವತ್ತು ಮನೆಯಲ್ಲಿ ಐವತ್ತು ಮನೆ ಬಡವರದೇ. ಯಾರು ಯಾರಿಗೆ ಕೊಡಬೇಕು?

ಒಂದು ಮಾತು ಬಿಚ್ಚಿ ಹೇಳಿಬಿಡ್ತೀನಿ. ನಮ್ಮ ಕಡೆ ಕೊಡುವ ಕೆಲಸ ಯಾವತ್ತೂ ನಮ್ಮದಾಗಿರಲಿಲ್ಲ. ಅದು ದೊರೆಗಳದು, ದೊರೆಸಾನಿಗಳದು, ಅಂದ್ರೆ ವಿದೇಶದ ಮಿಷನರಿಗಳದು. ನಾನು ಸಣ್ಣವನಿದ್ದಾಗ ಅಮೆರಿಕದ ಗೋಧಿ, ಹಾಲಿನ ಪುಡಿ ಬರ್ತಿತ್ತು, ಸಾಲಲ್ಲಿ ನಿಲ್ತಿದ್ದೆವು. ಶಾಲೆ ಅವರದು, ಹಾಸ್ಟೆಲ್ ಅವರದು, ಆಸ್ಪತ್ರೆ ಅವರದು. ಅದರಿಂದಲೇ ನಾನು ನಾಲ್ಕಕ್ಷರ ಕಲಿತೆ, ಇಲ್ಲ ಅನ್ನಲ್ಲ. ಆದರೆ ಎರಡು ತಲೆಮಾರು ಕೈ ಚಾಚುವುದನ್ನೇ ಕಲಿತೆವು. ದೊರೆಗಳು ಹೋದರು. ಚಾಚಿದ ಕೈ ಹಂಗೇ ಉಳೀತು. ಈಗ ಸಭೆಯ ದುಡ್ಡು ನಮ್ಮದೇ ಆದಮೇಲೂ ಬಡವರ ಖರ್ಚು ಬೇರೆ ಯಾರೋ ನೋಡ್ಕೋತಾರೆ ಅನ್ನೋ ಲೆಕ್ಕ ತಲೆಯಲ್ಲಿ ಕೂತಿದೆ. ತಮ್ಮನ 4,500 ಅಲ್ಲಿಂದ ಬಂದಿದ್ದು. ಜನ ಕೆಟ್ಟವರಂತಲ್ಲ.

ಯಾದಗಿರಿ ಸಿಸ್ಟರ್

ಕಾಕಾ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಆದರೆ ಬಡವರು ಯಾರಿಗೆ ಕೊಡಬೇಕು ಅಂದಿರಲ್ಲ, ಅದಕ್ಕೆ ಬೈಬಲಿನಲ್ಲಿ ಅಪೊಸ್ತಲ ಪೌಲನ ಉತ್ತರ ಇದೆ. ಯೆರೂಸಲೇಮಿನ ಬಡವರಿಗಾಗಿ ಅವನು ಊರೂರಲ್ಲಿ ಹಣ ಕೂಡಿಸ್ತಿದ್ದ. ಕೊರಿಂಥದವರು ಸ್ಥಿತಿವಂತರು, ಕೊಡ್ತೀವಿ ಕೊಡ್ತೀವಿ ಅಂತ ಒಂದು ವರ್ಷ ಎಳೆದರು. ಮಕೆದೋನ್ಯದವರು ತೀರಾ ಬಡವರು, ನಮಗೂ ಈ ಪಾಲು ಕೊಡಿ ಅಂತ ಇವರೇ ಬೇಡಿಕೊಂಡರಂತೆ. ಕೊಡುವ ಅವಕಾಶವನ್ನೇ ಬೇಡಿದರು! ಎರಡನೇ ಕೊರಿಂಥ ಪತ್ರದ ಎಂಟನೇ ಅಧ್ಯಾಯದಲ್ಲಿದೆ.

ಹೆಸರು ಬೇಡ

ನಾನು ಯಾವ ಊರು ಅಂತ ಹೇಳಲ್ಲ. ಪಡೆದುಕೊಂಡವರ ಕಡೆಯಿಂದ ಯಾರೂ ಬರೀತಿಲ್ಲ ಅಂತ ಬರೀತಿದ್ದೀನಿ.

2020ರಲ್ಲಿ ಲಾಕ್‌ಡೌನ್ ಆದಾಗ ನಾವು ಮುಂಬೈಯಿಂದ ವಾಪಸ್ ಬಂದೆವು. ಕೆಲಸ ಇಲ್ಲ, ಕೈಯಲ್ಲಿ ಏನೂ ಇಲ್ಲ. ನಮ್ಮ ಸಭೆಯವರು ಕಿಟ್ ಕೊಟ್ಟರು. ಐದು ಕೇಜಿ ಅಕ್ಕಿ, ಒಂದು ಕೇಜಿ ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಎರಡು ಸೋಪು. ಒಳ್ಳೇ ಬೇಳೆ, ಅದನ್ನೂ ಹೇಳಬೇಕು. ಆದರೆ ಹಿಂದೆ ಬ್ಯಾನರ್ ಕಟ್ಟಿದ್ದರು. ಒಬ್ಬೊಬ್ಬರನ್ನೇ ಕರೆದು ಚೀಲದ ಒಂದು ಕಿವಿ ಅವರು ಹಿಡಿದು ಇನ್ನೊಂದು ನಮ್ಮ ಕೈಲಿ ಹಿಡಿಸಿ ಫೋಟೋ ತೆಗೆದರು. ಒಂದು ಸರಿ ಬರಲಿಲ್ಲ ಅಂತ ಮತ್ತೊಮ್ಮೆ ನಿಲ್ಲಿಸಿದರು. ಮಾಸ್ಕ್ ಕೆಳಗೆ ಮಾಡಮ್ಮ ಅಂದರು. ಸಂಜೆಗೆ ಆ ಫೋಟೋ ಎಲ್ಲಾ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ನನ್ನ ಮಗಳ ಕ್ಲಾಸಿನವರು ನೋಡಿದರು. ಅವಳು ಎರಡು ದಿನ ಆ ಅನ್ನ ಮುಟ್ಟಲಿಲ್ಲ, ಬರೀ ನೀರು ಮಜ್ಜಿಗೆ ಕುಡಿದಳು.

ಅದೇ ವಾರ ನಮ್ಮ ಮನೆ ಹಿಂದಿನ ಅಜ್ಜಿ, ಅವಳಿಗೇ ಪಿಂಚಣಿ ಬಿಟ್ಟರೆ ಬೇರೆ ಗತಿ ಇಲ್ಲ, ರಾತ್ರಿ ಬಾಗಿಲಿಗೆ ಒಂದು ಡಬ್ಬಿ ಜೋಳದ ಹಿಟ್ಟು ಇಟ್ಟು ಹೋಗಿದ್ದಳು. ಬೆಳಿಗ್ಗೆ ಕೇಳಿದರೆ ನಂಗೊತ್ತಿಲ್ಲ ಅಂದಳು. ಡಬ್ಬಿ ಅವಳದೇ ಅಂತ ನನಗೆ ಗೊತ್ತು, ಮುಚ್ಚಳಕ್ಕೆ ತೂತಿದೆ. ಆ ಹಿಟ್ಟಿನ ರೊಟ್ಟಿ ಮಗಳು ತಿಂದಳು.

ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಯೇಸುಸ್ವಾಮಿ ಹೇಳಿದ ಮಾತು ಗೋಡೆ ಮೇಲೆ ಬರೆಸಿದ್ದಾರೆ ನಮ್ಮ ಚರ್ಚಲ್ಲಿ. ಆ ಗೋಡೆ ಮುಂದೆನೇ ಫೋಟೋ ತೆಗೆದಿದ್ದು.

ಸುಮ್ನೆ ಓದುವವ

ಅಕ್ಕಾ, ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಮಗಳು ಈಗ ಹೇಗಿದ್ದಾಳೆ?

ಹೆಸರು ಬೇಡ

ಪಿಯುಸಿ ಮುಗೀತು. ಜೋರಿದ್ದಾಳೆ ಈಗ. ಕ್ಯಾಮೆರಾ ಕಂಡರೆ ಮಾತ್ರ ಇವತ್ತೂ ಎದ್ದು ಹೋಗ್ತಾಳೆ.

ಕಲ್ಯಾಣದ ಕಡೆಯವ

ನಾನು ಲಿಂಗಾಯತ, ಬಸವಕಲ್ಯಾಣದ ಹತ್ತಿರದ ಹಳ್ಳಿ. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಓದ್ತಾ ಓದ್ತಾ ನಮ್ಮ ಕಡೆಯ ಒಂದು ಮಾತು ನೆನಪಾಯ್ತು.

ನಮ್ಮಲ್ಲಿ ದಾನ ಬೇರೆ, ದಾಸೋಹ ಬೇರೆ. ದಾನ ಅಂದ್ರೆ ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಕಲಬುರಗಿಯ ಶರಣಬಸವೇಶ್ವರರನ್ನು ಮಹಾದಾಸೋಹಿ ಅಂತ ಕರೆಯೋದು ಅದಕ್ಕೇ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲೂ ನೋಡಿ, ಲಂಗರಿನಲ್ಲಿ (ಉಚಿತ ಊಟದಲ್ಲಿ) ಎಲ್ಲರೂ ಒಂದೇ ಸಾಲಲ್ಲಿ ನೆಲದ ಮೇಲೆ ಕೂರಬೇಕು, ನೀನು ಯಾರು ಅಂತ ಯಾರೂ ಕೇಳಲ್ಲ. ಫೋಟೋದ ಅಕ್ಕನಿಗೆ ಆಗಿದ್ದು ದಾನದ ಪೆಟ್ಟು ಅನ್ನಿಸ್ತು ನನಗೆ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂತ ಇದ್ದರು, ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವ ಶರಣ. ಒಂದು ದಿನ ದಿನಕ್ಕಿಂತ ಜಾಸ್ತಿ ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇಷ್ಟು ಅಕ್ಕಿ ಯಾಕೆ, ಇದು ಆಸೆ, ವಾಪಸ್ ಸುರಿದು ಬಾ ಅಂದರು. ಕೊಡೋದಕ್ಕೂ ಜಾಸ್ತಿ ಕೂಡಿಡಬಾರದು ಅನ್ನುವಷ್ಟು ಕಟ್ಟುನಿಟ್ಟು. ನಾವು ಹಂಗಿದ್ದೀವಿ ಅಂತಲ್ಲ, ನಮ್ಮ ಮಠಗಳಲ್ಲೂ ಕಮಾನು ಬೇಕಾದಷ್ಟಿವೆ. ನಿಮ್ಮಲ್ಲಿ ದಾಸೋಹಕ್ಕೆ ಸಮನಾದ ಪದ ಇದೆಯಾ?

ಹಳೇ ಸೈಕಲ್

ತಮ್ಮಾ, ನೀವು ಬಂದಿದ್ದು ಒಳ್ಳೇದಾಯ್ತು. ಇದೆ. ಸಿಸ್ಟರ್ ಹೇಳಿದ ಆ ಏಳು ಜನರ ಕೆಲಸಕ್ಕೆ ಗ್ರೀಕಿನಲ್ಲಿ ದಿಯಾಕೊನಿಯಾ ಅಂತಾರೆ. ಪಂಕ್ತಿಯಲ್ಲಿ ಬಡಿಸುವ ಕೆಲಸ, ಆಳಿನ ಕೆಲಸ. ಡೀಕನ್ ಅನ್ನುವ ಪದ ಬಂದಿದ್ದು ಅದರಿಂದ. ಈಗ ಡೀಕನ್ ಅಂದ್ರೆ ನಿಲುವಂಗಿ ಹಾಕಿಕೊಂಡು ಮುಂದೆ ನಿಲ್ಲುವವರು ಅಂತಾಗಿದೆ. ಮೂಲದಲ್ಲಿ ಬಡಿಸುವವ ಅಷ್ಟೇ.

ಇನ್ನೊಂದು ಪದ ಇದೆ. ಒಂದನೇ ಕೊರಿಂಥ ಹದಿಮೂರರಲ್ಲಿ ನಮ್ಮ ಕನ್ನಡ ಬೈಬಲಿನಲ್ಲಿ ಪ್ರೀತಿ ಅಂತ ಇರುವ ಕಡೆ 1611ರ ಇಂಗ್ಲಿಷ್ ಬೈಬಲಿನಲ್ಲಿ ಚಾರಿಟಿ ಅಂತಿದೆ. ಗ್ರೀಕಿನ ಅಗಾಪೆ ಲ್ಯಾಟಿನ್ನಿನಲ್ಲಿ ಕಾರಿತಾಸ್ ಆಯ್ತು, ಅದೇ ಇಂಗ್ಲಿಷಿಗೆ ಬಂದು ಚಾರಿಟಿ. ಆಮೇಲೆ ಜನರ ಬಾಯಲ್ಲಿ ಚಾರಿಟಿ ಅಂದ್ರೆ ಬರೀ ಚಿಲ್ಲರೆ ಹಾಕೋದು ಅಂತಾಯ್ತು, ಪ್ರೀತಿ ಬೇರೆ ಆಯ್ತು. ಎರಡೂ ಒಂದೇ ಮಾತಿನ ಮಕ್ಕಳು. ಅದೇ ಅಧ್ಯಾಯದಲ್ಲಿ ಪೌಲ ಹೇಳೋದು, ನನಗಿರುವುದನ್ನೆಲ್ಲ ಹಂಚಿಬಿಟ್ಟರೂ ಪ್ರೀತಿ ಇಲ್ಲದಿದ್ದರೆ ಪ್ರಯೋಜನ ಇಲ್ಲ ಅಂತ. ಬ್ಯಾನರ್ ಕಟ್ಟಿದವರು ಈ ಅಧ್ಯಾಯವನ್ನು ಮದುವೆಗಳಲ್ಲಿ ಮಾತ್ರ ಓದ್ತಾರೆ, ಏನು ಮಾಡೋಣ.

ಸ್ಟೇಷನ್ ಬಜಾರ್ (ಕಲಬುರಗಿ)

ಎಲ್ಲಾ ಸರಿ. ಈಗಿನ ಕಾಲದ ಕಷ್ಟ ಒಂದು ಹೇಳ್ತೀನಿ. ನಮ್ಮ ಸಭೆಯವರಲ್ಲದವರಿಗೆ ಏನಾದರೂ ಕೊಡಬೇಕು ಅಂದ್ರೆ ಹಿರಿಯರು ಹೆದರ್ತಾರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾನೂನಿನಲ್ಲಿ ಉಡುಗೊರೆ, ಹಣ, ಸಾಮಾನು, ಉಚಿತ ಶಿಕ್ಷಣ ಎಲ್ಲಾ ಆಮಿಷದ ಪಟ್ಟಿಯಲ್ಲಿದ್ದವು. ಅಕ್ಕಿ ಕೊಟ್ಟು ಜಾತಿ ಕೆಡಿಸ್ತಾರೆ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಹಂಗಂತ ಪಕ್ಕದ ಮನೆಯವರು ಹಸಿದಿದ್ದರೆ ನೋಡ್ತಾ ಕೂರೋದಾ?

ಭಾಲ್ಕಿ ಕಾಕಾ

ಎಪ್ಪತ್ತೆರಡರ ಬರ ನೆನಪಿದೆ ನನಗೆ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಒಲೆ ಉರೀತಿದೆಯೋ ಆ ಮನೆ ಮುಂದೆ ಎಲ್ಲಾ ಜಾತಿಯ ಮಕ್ಕಳೂ ನಿಲ್ತಿದ್ದೆವು. ಒಬ್ಬ ಮುಸಲ್ಮಾನ ಕಾಕಿ ನಮಗೆ ಅಂಬಲಿ ಹಾಕಿದ್ದಾಳೆ, ಒಂದಲ್ಲ ನಲವತ್ತು ಸಲ. ಆಕೆ ನಮ್ಮನ್ನು ಯಾವ ಧರ್ಮಕ್ಕೂ ಕರೀಲಿಲ್ಲ, ಪಾತ್ರೆ ತೊಳೆದಿಡು ಅಂತ ಮಾತ್ರ ಅಂದಳು. ಕೊಡೋವಾಗ ಕರಪತ್ರ ಕೊಡಬೇಡಿ, ಭಾಷಣ ಮಾಡಬೇಡಿ, ರಿಜಿಸ್ಟರಿನಲ್ಲಿ ಬರೆದಿಡಿ. ಕೇಳಿದವರಿಗೆ ತೋರಿಸಿ. ನನಗೆ ಇಷ್ಟೇ ತಿಳಿಯೋದು.

ಯಾದಗಿರಿ ಸಿಸ್ಟರ್

ಒಳ್ಳೇ ಸಮಾರ್ಯದವನ ಕಥೆಯಲ್ಲೂ ಅಷ್ಟೇ ಕಾಕಾ. ಗಾಯಕ್ಕೆ ಎಣ್ಣೆ ಹಚ್ಚಿದ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಜಾಸ್ತಿ ಖರ್ಚಾದರೆ ಬರುವಾಗ ಕೊಡ್ತೀನಿ ಅಂದ, ಹೋದ. ಬಿದ್ದವನ ಹೆಸರೂ ಕೇಳಲಿಲ್ಲ.

ರೋಸರಿ (ಕಲಬುರಗಿ)

ನಾವು ಕಥೋಲಿಕರು. ಕಲಬುರಗಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆಗಿದ್ದು 2005ರಲ್ಲಿ, ಹಂಗಾಗಿ ನಮ್ಮದು ಇನ್ನೂ ಹೊಸ ಮನೆ. ನಡೆಸುವ ರೀತಿ ಹೇಗೆ ಅಂತ ಖಜಾಂಚಿ ತಮ್ಮನಿಗೆ ಬೇಕಾಗಬಹುದು ಅಂತ ಇದನ್ನು ಹೇಳ್ತೀನಿ. ಸಂತ ವಿನ್ಸೆಂಟ್ ದೆ ಪೌಲ್ ಸಂಘ ಅಂತ ಇದೆ, 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಮ್ ಮತ್ತೆ ಅವರ ಗೆಳೆಯರು ಶುರು ಮಾಡಿದ್ದು, ಕಾಲೇಜು ಹುಡುಗರು. ನೀವು ಬರೀ ಮಾತಾಡ್ತೀರಿ, ಬಡವರಿಗೆ ಏನು ಮಾಡ್ತೀರಿ ಅಂತ ಯಾರೋ ಕೆಣಕಿದ್ದಕ್ಕೆ ಎದ್ದು ಹೊರಟವರು.

ಸಂಘದ ಪದ್ಧತಿ ಏನಂದ್ರೆ ಬಡವರನ್ನು ಕರೆಸೋದಲ್ಲ, ಅವರ ಮನೆಗೆ ನಾವು ಹೋಗೋದು. ಇಬ್ಬಿಬ್ಬರಾಗಿ ಹೋಗಬೇಕು, ಒಬ್ಬರೇ ಹೋಗಬಾರದು. ಅಲ್ಲಿ ಕಂಡಿದ್ದು ಹೊರಗೆ ಮಾತಾಡಬಾರದು. ಸಭೆ ಕೂತಾಗ ಒಂದು ಚೀಲ ಸುತ್ತು ಬರುತ್ತೆ, ಅದರೊಳಗೆ ಕೈ ಹಾಕ್ತೀವಿ, ಯಾರು ಎಷ್ಟು ಹಾಕಿದರು ಅಂತ ಗೊತ್ತಾಗಲ್ಲ. ಕೈ ಹಾಕಿ ಏನೂ ಬಿಡದೆ ತೆಗೆದರೂ ಗೊತ್ತಾಗಲ್ಲ. ಬಡ ಸದಸ್ಯನಿಗೂ ಅದರಿಂದ ಮರ್ಯಾದೆ ಉಳಿಯುತ್ತೆ. ಹರಾಜಿನಲ್ಲಿ ಕುಂಬಳಕಾಯಿ ಕೂಗೋದಕ್ಕಿಂತ ಇದು ನನಗೆ ಹಿಡಿಸುತ್ತೆ. ಹರಾಜಿನ ಮಜಾ ಬೇರೆ ಅಂತ ಒಪ್ತೀನಿ ಬಿಡಿ.

ಖಜಾಂಚಿ ತಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಹೆಸರು ಬೇಡ ಅಂದ ಅಕ್ಕಾ, ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ನಮ್ಮ ಸಭೆಯಲ್ಲಿ ಅಂಥದೇ ಫೋಟೋ ತೆಗೆದವನು ನಾನೇ, ನನ್ನ ಫೋನಿನಲ್ಲಿ ಇನ್ನೂ ಇದ್ದವು. ಅಳಿಸಿದೆ. ಅಳಿಸಿದರೆ ಆಯ್ತಾ ಅಂತ ನೀವು ಕೇಳಬಹುದು.

ಒಂದು ಪ್ರಶ್ನೆ ಉಳಿದಿದೆ. ಕಮಿಟಿಯಲ್ಲಿ ಈ ವಿಷಯ ಎತ್ತಿದರೆ ಮೊದಲು ಬರೋ ಮಾತು ನನಗೆ ಗೊತ್ತು. ಕುಡಿಯುವವನಿಗೆ ಕೊಟ್ಟರೆ ಅಂಗಡಿಗೆ ಹೋಗುತ್ತೆ ಅಂತಾರೆ. ಅದು ಸುಳ್ಳೂ ಅಲ್ಲ.

ಹಳೇ ಸೈಕಲ್

ಈ ಚಿಂತೆ ಸಭೆಯಷ್ಟೇ ಹಳೇದು. ದಿದಖೆ ಅಂತ ಒಂದು ಬಹಳ ಹಳೆಯ ಬೋಧನೆಯ ಪುಸ್ತಕ ಇದೆ. ಯಾರಿಗೆ ಕೊಡಬೇಕು ಅಂತ ತಿಳಿಯುವವರೆಗೆ ನಿನ್ನ ದಾನ ನಿನ್ನ ಕೈಯಲ್ಲೇ ಬೆವರಲಿ ಅಂತ ಅದರಲ್ಲಿದೆ. ಊರಿಗೆ ಬಂದ ಪ್ರಯಾಣಿಕನನ್ನು ಎರಡು ದಿನ, ಬೇಕಾದರೆ ಮೂರು ದಿನ ಇಟ್ಟುಕೊಳ್ಳಿ, ಆಮೇಲೆ ನೆಲೆಸುವುದಾದರೆ ಕೆಲಸ ಮಾಡಲಿ ಅಂತಲೂ ಇದೆ. ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿ ವಿಧವೆಯರ ಪಟ್ಟಿಗೆ ಅರವತ್ತು ವರ್ಷ ಆಗಿರಬೇಕು ಅಂತ ನಿಯಮ, ಮಕ್ಕಳು ಮೊಮ್ಮಕ್ಕಳಿದ್ದರೆ ಅವರೇ ನೋಡಿಕೊಳ್ಳಲಿ ಅಂತ ಕೂಡ. ಹಂಗಾಗಿ ವಿಚಾರಿಸೋದು ತಪ್ಪಲ್ಲ. ಆದರೆ ಬೆವರೋ ಕೈ ಇದ್ದರೆ ತಾನೇ? ನಮ್ಮಲ್ಲಿ ವಿಚಾರಣೆ ಅನ್ನೋದು ಕೊಡದೇ ಇರಲು ಸಿಕ್ಕ ನೆಪ ಆಗಿರುತ್ತೆ ಬಹಳ ಸಲ. ಪ್ರಸಂಗಿಯ ಕಾರಿನ ಬಾಡಿಗೆ ಕೊಡುವಾಗ ಮೀಟರ್ ನೋಡಿದ್ದೀರಾ ಯಾರಾದರೂ?

ಯಾದಗಿರಿ ಸಿಸ್ಟರ್

ಕುಡಿಯುವವನ ಹೆಂಡತಿ ಕೈಗೆ ಕೊಡಿ. ಅದೂ ನೋಟು ಬೇಡ. ಕಿರಾಣಿ ಅಂಗಡಿಯಲ್ಲಿ ಸಭೆಯ ಹೆಸರಲ್ಲಿ ಒಂದು ಖಾತೆ ಇಡಿ, ಚೀಟಿ ಕೊಡಿ, ಆಕೆಗೆ ಏನು ಬೇಕೋ ಆಕೆಯೇ ತಗೊಳ್ಳಲಿ. ಔಷಧಿ ಅಂಗಡಿಗೂ ಹಂಗೇ. ಪುಣೆಯಿಂದ ಬಂದವರಿಗೆ ಮೊದಲು ಬೆನ್ನಿಗೆ ಹುಣ್ಣು ಆಗದ ಹಾಗೆ ಹಾಸಿಗೆ ಬೇಕು, ದಿನಕ್ಕೆ ನಾಲ್ಕಾರು ಸಲ ಮಗ್ಗಲು ಬದಲಿಸಬೇಕು. ಯಾರಾದರೂ ಇಬ್ಬರು ಹೆಂಗಸರು ಹೋಗಿ ಆ ಅಕ್ಕನಿಗೆ ಎರಡು ತಾಸು ನಿದ್ದೆ ಮಾಡಲು ಬಿಟ್ಟರೂ ಸಾಕು. ಇದಕ್ಕೆ ಪಾಸಿಂಗ್ ಬೇಡ, ಬಜೆಟ್ ಬೇಡ.

ಇನ್ನೊಂದು ವಿಷಯ. ಮಿಜೋರಾಂನಲ್ಲಿ ಸಭೆಯ ಹೆಂಗಸರು ಅಡುಗೆ ಮಾಡುವಾಗೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕ್ತಾರೆ, ಅದನ್ನು ಸಭೆಗೆ ಕೊಡ್ತಾರೆ. 1910ರ ಸುಮಾರಿಗೆ ಶುರುವಾಗಿದ್ದು, ಇವತ್ತಿಗೂ ನಡೀತಿದೆ. ನಿಮ್ಮ ಅರವತ್ತು ಮನೆಯಲ್ಲಿ ಐವತ್ತು ಬಡವರು ಅಂದ್ರಲ್ಲ ಕಾಕಾ, ಬಡವರ ಮನೆಯಲ್ಲೂ ಒಂದು ಹಿಡಿ ಜೋಳ ಇರುತ್ತೆ.

ಭಾಲ್ಕಿ ಕಾಕಾ

ಇರುತ್ತೆ.

ಖಜಾಂಚಿ ತಮ್ಮ (ಮೂರು ವಾರದ ನಂತರ)

ಏನಾಯ್ತು ಅಂತ ತಿಳಿಸ್ತೀನಿ.

ಕಮಾನಿನ ಕೆಲಸ ನಿಲ್ಲಲಿಲ್ಲ. ಅದಕ್ಕೆ ಅಂತ ಹೇಳಿ ಕೊಟ್ಟವರು ಇದ್ದಾರೆ, ಕಾಕಾ ಹೇಳಿದ್ದು ನಿಜ, ಅದನ್ನು ಮುಟ್ಟಲು ಆಗಲಿಲ್ಲ. ಗ್ರಾನೈಟ್ ಬೇಡ, ಬಣ್ಣ ಸಾಕು ಅಂತ ಮಾಡಿ 90,000ವನ್ನು 60,000ಕ್ಕೆ ಇಳಿಸಿದರು. ಅಷ್ಟಕ್ಕೇ ಎರಡು ತಾಸು ಹಿಡೀತು. ಒಬ್ಬ ಹಿರಿಯರು ನನ್ನ ಜೊತೆ ಈಗಲೂ ಮಾತಾಡ್ತಿಲ್ಲ. ಇನ್ನು ಮುಂದೆ ತಿಂಗಳ ಮೊದಲ ಭಾನುವಾರದ ಕಾಣಿಕೆ ಪೂರ್ತಿ ಬಡವರ ಬಾಬತ್ತಿಗೆ ಅಂತ ಬರೆಸಿದ್ದೇನೆ. ಅವತ್ತು ಪ್ರಭು ಭೋಜನ (ರೊಟ್ಟಿ ಮುರಿದು ಹಂಚುವ ಆರಾಧನೆ) ಇರುವುದರಿಂದ ಜನ ಜಾಸ್ತಿ ಬರ್ತಾರೆ. ಅದನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರು. ಅದರಲ್ಲಿ ಒಬ್ಬರು ಬಾಗಿಲ ಹತ್ತಿರ ನಿಂತಿದ್ದ ಅದೇ ಅಕ್ಕ. ಆಕೆಗೆ ಬೇಕಾಗಿದ್ದು ಸಹಾಯ, ಆಕೆಯನ್ನೇ ಯಾಕೆ ಅಂತ ಕೇಳಿದರು. ನಾನು ಆ ಏಳು ಹೆಸರುಗಳ ವಿಷಯ ಹೇಳಿದೆ. ಪಾಸ್ಟರ್ ತಲೆ ಆಡಿಸಿದರು, ಹಂಗಾಗಿ ಪಾಸಾಯ್ತು.

ಅವರ ಗಂಡನಿಗೆ ಗಾಳಿ ತುಂಬುವ ಹಾಸಿಗೆ ತಂದಿದ್ದೇವೆ. ಇನ್ನೂ ಎದ್ದು ಕೂರಲು ಆಗ್ತಿಲ್ಲ.

ಚರ್ಚಿನ ಮೂಲೆಯಲ್ಲಿ ಒಂದು ಡ್ರಮ್ ಇಟ್ಟಿದ್ದೇವೆ, ಹಿಡಿ ಜೋಳ ಹಾಕಲು. ಮೊದಲ ವಾರ ಹನ್ನೊಂದು ಸೇರು ಬಂತು. ಯಾರೋ ಹೈಬ್ರಿಡ್ ಜೋಳ ತಂದು ಬಿಳಿ ಜೋಳದ ಜೊತೆ ಬೆರೆಸಿದ್ದಾರೆ, ಅದಕ್ಕೆ ಈಗ ಹೆಂಗಸರಲ್ಲಿ ಜಗಳ.

ಸುಮ್ನೆ ಓದುವವ

ಆರನೇ ಅಧ್ಯಾಯ ಶುರುವಾಯ್ತು 😀

ಭಾಲ್ಕಿ ಕಾಕಾ

ತಮ್ಮಾ, ಡ್ರಮ್ಮಿಗೆ ಬೇವಿನ ಎಲೆ ಹಾಕಿದ್ದೀಯಾ? ಒಣಗಿಸಿ ಹಾಕು, ಹಸಿ ಹಾಕಿದರೆ ಬೂಷ್ಟು ಹಿಡಿಯುತ್ತೆ. ಇಲ್ಲಾಂದ್ರೆ ಮಳೆಗಾಲಕ್ಕೆ ಹುಳ ಬೀಳುತ್ತೆ.